ಕೈತಪ್ಪಿ ಬಿದ್ದ ಪೊಟ್ಟಣ

ಅಂಗಿಯ ಮೂರನೆಯ ಗುಂಡಿ ಹಾಕುವಷ್ಟರಲ್ಲಿ ಅಕ್ಕನಿಗೆ ಉಸಿರು ಸಾಲದಾಯಿತು. ತಮ್ಮನ ಎದೆಯ ಮೇಲೆ ಕೈ ಊರಿಕೊಂಡು, ತುಟಿ ಮುಂದೆ ಮಾಡಿ, ಬಿಸಿ ಹಾಲು ಆರಿಸುವವಳ ಹಾಗೆ ಮೆಲ್ಲಗೆ ಗಾಳಿ ಬಿಟ್ಟಳು. ಆಸ್ಪತ್ರೆಯಲ್ಲಿ ಕಲಿಸಿದ್ದು ಹಾಗೆ. ನಾಲ್ಕು ಸಲ ಹಾಗೆ ಮಾಡಿ, ಮತ್ತೆ ಮುಂದಿನ ಗುಂಡಿಗೆ ಕೈ ಹಾಕಿದಳು.

"ಬಿಡಿ ಅತ್ತಿಗೆ, ನಾನು ಹಾಕ್ತೀನಿ," ಎಂದಳು ತಮ್ಮನ ಹೆಂಡತಿ. ಮಂಚದ ಆ ಬದಿಯಲ್ಲಿ ನಿಂತು ಗಂಡನ ತೋಳು ಹಿಡಿದುಕೊಂಡಿದ್ದಳು.

"ನೀನು ಮೂವತ್ತೇಳು ವರ್ಷ ನೋಡ್ಕೊಂಡಿದೀಯ. ಇವತ್ತೊಂದಿನ ನನಗೆ ಬಿಡು."

"ಎಲ್ಲಿ ನೋಡ್ಕೊಳ್ಳೋಕೆ ಬಿಟ್ರು? ಒಂದು ಗುಂಡೀನೂ ನನ್ನ ಕೈಲಿ ಹಾಕಿಸ್ಕೊಂಡವರಲ್ಲ. ಅದಕ್ಕೂ ಒಂದು ಕ್ರಮ. ಕೆಳಗಿಂದ ಮೇಲಕ್ಕೆ ಹಾಕ್ಬೇಕಂತೆ. ಮೇಲಿಂದ ಶುರು ಮಾಡಿದ್ರೆ ಎಲ್ಲೋ ಒಂದು ತಪ್ಪುತ್ತಂತೆ."

ಅಕ್ಕ ಮೇಲಿನಿಂದಲೇ ಶುರು ಮಾಡಿದ್ದಳು. ಕೊನೆಗೆ ಬಂದಾಗ ಗುಂಡಿ ಒಂದು ಉಳಿದಿತ್ತು, ಅದಕ್ಕೆ ಕಾಜಾ ಇರಲಿಲ್ಲ. ಇಬ್ಬರೂ ಅದನ್ನೇ ನೋಡಿದರು. ತಮ್ಮನ ಹೆಂಡತಿಗೆ ನಗು ಬಂದು, ಅದು ನಡುವೆಯೇ ಅಳುವಾಗಿ, ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅಕ್ಕ ಎಲ್ಲ ಗುಂಡಿಗಳನ್ನೂ ಬಿಚ್ಚಿ ಕೆಳಗಿನಿಂದ ಮತ್ತೆ ಶುರು ಮಾಡಿದಳು.

ಬೆಳಿಗ್ಗೆ ಐದೂವರೆಗೆ ಹಲ್ಲುಜ್ಜಲು ಎದ್ದವನು ಬಚ್ಚಲುಮನೆಯ ಬಾಗಿಲಿಗೆ ಒರಗಿ ಕೂತಿದ್ದ. ಹೆಂಡತಿ ಕೂಗಿದಾಗ "ಹ್ಞೂ" ಎಂದನಂತೆ. ಎರಡನೆಯ ಸಲ ಕೂಗಿದಾಗ ಅನ್ನಲಿಲ್ಲ. ಎದೆ ನೋವು ಎಂದು ಹೇಳುವಷ್ಟೂ ಪುರುಸೊತ್ತು ಕೊಡದೆ ಹೋಗಿಬಿಟ್ಟಿದ್ದ. ಅರವತ್ತೇಳು ವರ್ಷ. ಅಕ್ಕನಿಗೆ ಎಪ್ಪತ್ತಾರು. ಯಾರು ಮೊದಲು ಹೋಗಬೇಕು ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಇಪ್ಪತ್ತು ವರ್ಷದಿಂದ ಎಲ್ಲರೂ ಅವಳ ಉಸಿರಿಗೇ ಕಿವಿ ಕೊಟ್ಟಿದ್ದರು.

ತಮ್ಮನ ಮಗಳು ಒಳಗೆ ಬಂದಳು. ಕೈಯಲ್ಲಿ ಮೂರು ಪೆನ್ನು. "ಅತ್ತೆ, ಇದನ್ನ ಜೇಬಿಗೆ ಇಡಬಹುದಾ? ಅಪ್ಪ ಪೆನ್ನಿಲ್ಲದೆ ಬೇರೆ ಯಾರೋ ಥರ ಕಾಣ್ತಿದಾರೆ."

"ಇಡು. ಕೆಂಪು, ನೀಲಿ, ಕಪ್ಪು, ಅದೇ ಕ್ರಮದಲ್ಲಿ ಇಡು. ಇಲ್ಲದಿದ್ರೆ ಎದ್ದು ಕೂತು ಸರಿ ಮಾಡ್ತಾನೆ."

ಮೂವರೂ ಒಂದು ಗಳಿಗೆ ಅವನು ಏಳುತ್ತಾನೇನೋ ಎಂಬಂತೆ ನೋಡಿದರು.

*

ಅಮ್ಮ ಹೋದಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹದಿನಾಲ್ಕು. ಅಪ್ಪ ಲಾರಿಯ ಜೊತೆ ಹೋಗುತ್ತಿದ್ದ. ಒಂದು ಸಲ ಹೋದವನು ಬರುವುದನ್ನು ಮರೆತ. ಅಕ್ಕ ಹಾಸಿಗೆ ಕಾರ್ಖಾನೆಯಲ್ಲಿ ಹತ್ತಿ ಹಿಂಜುವ ಶೆಡ್ಡಿಗೆ ಸೇರಿದಳು. ತಗಡಿನ ಮಾಡು, ಎತ್ತರದಲ್ಲಿ ಒಂದೇ ಕಿಟಕಿ, ಅದನ್ನೂ ಹತ್ತಿ ಹಾರಿಹೋಗುತ್ತದೆಂದು ಮುಚ್ಚಿರುತ್ತಿದ್ದರು. ಯಂತ್ರ ಹೊರಟಿತೆಂದರೆ ಆ ಶೆಡ್ಡಿನೊಳಗೆ ಎದುರಿಗಿದ್ದವರ ಮುಖವೂ ಮಸುಕು. ಬಾಯಿಗೆ ಕಟ್ಟಿಕೊಂಡ ಬಟ್ಟೆ ಮಧ್ಯಾಹ್ನದೊಳಗೆ ಒಳಗಿನಿಂದಲೂ ಬೂದು ಬಣ್ಣಕ್ಕೆ ತಿರುಗುತ್ತಿತ್ತು.

ಸಂಜೆ ಅವಳು ಬಂದು ಹೊಸ್ತಿಲ ಮೇಲೆ ಕೂತರೆ ತಮ್ಮ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವಳ ಹುಬ್ಬಿನಿಂದ, ರೆಪ್ಪೆಯಿಂದ, ಕಿವಿಯ ಹಿಂದಿನಿಂದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ. "ಅಕ್ಕ, ಇವತ್ತೂ ಅಜ್ಜಿಯಾಗಿ ಬಂದೆ," ಎನ್ನುತ್ತಿದ್ದ. ಹೆಕ್ಕುತ್ತ ಹೆಕ್ಕುತ್ತ ಮಾತು. ಮೇಷ್ಟರ ಕನ್ನಡಕ ಮುರಿದದ್ದು, ಯಾರದೋ ಚೀಲದಲ್ಲಿ ಕಪ್ಪೆ ಸಿಕ್ಕಿದ್ದು, ಏಳರ ಮಗ್ಗಿಯಲ್ಲಿ ಎಲ್ಲಿ ಎಡವಿದ್ದು. ಕೊನೆಯ ಎಳೆ ಸಿಗುವ ತನಕ ಮಾತು ಮುಗಿಯುತ್ತಿರಲಿಲ್ಲ. ಎಳೆ ಮುಗಿದರೂ ಹುಡುಕುತ್ತಿರುವ ಹಾಗೆ ನಟಿಸುತ್ತಿದ್ದ.

ಇಪ್ಪತ್ತೆರಡು ವರ್ಷ ಅವಳು ಆ ಶೆಡ್ಡಿನಲ್ಲಿದ್ದಳು. ಮದುವೆಯ ಮಾತು ಎರಡು ಸಲ ಬಂತು. "ಇವನದೊಂದು ದಾರಿಯಾಗಲಿ," ಎಂದಳು. ಅವನದು ದಾರಿಯಾಯಿತು. ಔಷಧ ಕಲಿತು ದೊಡ್ಡ ಆಸ್ಪತ್ರೆಯ ಔಷಧಾಲಯದಲ್ಲಿ ಕಾಂಪೌಂಡರ್ ಆದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ತೂಗುತ್ತಾನೆಂದು ಅಲ್ಲಿ ಅವನನ್ನು 'ತಕ್ಕಡಿ' ಎಂದೇ ಕರೆಯುತ್ತಿದ್ದರು. ಆಮೇಲೆ ಅವನಿಗೆ ಮದುವೆಯಾಗಿ, ಎರಡು ಬೀದಿ ಆಚೆ ಬೇರೆ ಮನೆ ಮಾಡಿದರೂ, ಸಂಜೆಯ ಮಾತು ತಪ್ಪಲಿಲ್ಲ. ಆಸ್ಪತ್ರೆಯಿಂದ ನೇರ ಅಕ್ಕನ ಎರಡು ಕೋಣೆಯ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಶುರು: "ಇವತ್ತೇನಾಯ್ತು ಗೊತ್ತಾ ಅಕ್ಕ..."

ಅವಳ ಎದೆಯೊಳಗೆ ಹತ್ತಿ ಉಳಿದುಕೊಂಡಿದೆ ಎಂಬುದು ಐವತ್ತು ದಾಟಿದ ಮೇಲೆ ಗೊತ್ತಾಯಿತು.

*

ಹನ್ನೊಂದರ ಹೊತ್ತಿಗೆ ಮುಂದಿನ ಕೋಣೆ ತುಂಬಿತು. ಆಸ್ಪತ್ರೆಯ ಹಳಬರು, ಬೀದಿಯವರು, ತಮ್ಮನ ಹೆಂಡತಿಯ ಕಡೆಯವರು. ಇಷ್ಟು ಜನರ ನಡುವೆ ಅಕ್ಕನಿಗೆ ಗಾಳಿ ಸಾಲದು. ಮಗಳು ಒಂದು ಕುರ್ಚಿ ತಂದು ಹೊರಗಿನ ಜಗಲಿಯಲ್ಲಿ, ಬಾಗಿಲ ಪಕ್ಕ ಹಾಕಿದಳು. ಅಲ್ಲಿಂದ ತಮ್ಮನ ಪಾದ ಮಾತ್ರ ಕಾಣುತ್ತಿತ್ತು.

ಒಳಗೆ ಹೋಗಿ ಕೈಮುಗಿದು ಬಂದ ಒಬ್ಬ ದಪ್ಪ ಮನುಷ್ಯ ಜಗಲಿಯ ಮೆಟ್ಟಿಲ ಮೇಲೆ ಕೂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

"ನೀವು ಅವರ ಅಕ್ಕ ಅಲ್ವಾ ಅಮ್ಮ? ನಾನು ಬಸ್ ಓಡಿಸ್ತಿದ್ದವನು. ಕಾಂಪೌಂಡರ್ ಸಾರ್ ನನ್ನ ಜೀವ ಉಳಿಸಿದ್ರು."

"ಅವನು ಡಾಕ್ಟರಲ್ಲವಲ್ಲಪ್ಪ."

"ಡಾಕ್ಟ್ರು ಬರೆದ್ರು. ತಂದಿದ್ದು ಇವರು." ಡ್ರೈವರ್ ಕೆನ್ನೆ ಮುಟ್ಟಿ ತೋರಿಸಿದ. "ದವಡೆ ಹಲ್ಲು ನೋವು. ರಜಾ ಕೊಡಲಿಲ್ಲ. ಜ್ವರಕ್ಕೆ, ತಲೆನೋವಿಗೆ ತಗೋತಾರಲ್ಲ, ಆ ಮಾತ್ರೆ. ಎರಡೆರಡು ನುಂಗ್ತಾ ಓಡಿಸಿದೆ. ಮೂರು ದಿನ. ಎಷ್ಟು ನುಂಗಿದೆ ಅಂತ ನೆನಪೂ ಇಲ್ಲ. ಮಾಮೂಲಿ ಮಾತ್ರೆ, ಅದೇನು ಮಾಡುತ್ತೆ ಅಂದ್ಕೊಂಡೆ. ನಾಲ್ಕನೇ ದಿನ ವಾಂತಿ. ಡಾಕ್ಟ್ರು ರಕ್ತ ನೋಡಿ, ಲಿವರ್ ಸುಟ್ಟುಹೋಗ್ತಿದೆ, ಇವತ್ತೇ ಔಷಧ ಶುರು ಆಗ್ಬೇಕು ಅಂದ್ರು. ಆಸ್ಪತ್ರೇಲಿ ಇದ್ದಿದ್ದು ಸಾಲದು. ಕಾಂಪೌಂಡರ್ ಸಾರ್ ಬೇರೆ ಆಸ್ಪತ್ರೆಗೆ ಹೋಗಿ, ಎದೆಗವಚಿಕೊಂಡು ತಂದ್ರು."

"ಯಾವ ಔಷಧ?"

"ಕಫ ಕರಗಿಸೋಕೆ ಕೊಡ್ತಾರಂತಲ್ಲ, ಅದೇ. ನನಗೆ ನರದೊಳಗೆ ಕೊಟ್ರು, ಒಂದು ಹಗಲು ಒಂದು ರಾತ್ರಿ ಹನಿಹನಿಯಾಗಿ. ತೂಕಕ್ಕೆ ತಕ್ಕ ಹಾಗೆ ಕೊಡ್ಬೇಕಂತೆ. ನಾನು ಸಾಯ್ತಿದೀನಿ ಅಂತಿದ್ರೆ ಇವರು ಬೆಲ್ಟು ಬಿಚ್ಚಿಸಿ, ಜೇಬಿನ ಬೀಗದ ಕೈ ತೆಗೆಸಿ, ಎರಡು ಸಲ ತೂಕ ಮಾಡಿದ್ರು." ಡ್ರೈವರ್ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಅಕ್ಕ ನಗಲಿಲ್ಲ. "ವಾಸನೆ ಇತ್ತಾ?"

"ಬಾಟಲಿ ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆ. ಅಬ್ಬಾ." ಅವನು ಕರವಸ್ತ್ರ ಮಡಿಸುತ್ತ ಹೇಳಿದ, "ನಾನು ಹುಷಾರಾಗಿ ಕೈಮುಗಿಯೋಕೆ ಹೋದಾಗ ಒಂದು ಮಾತು ಹೇಳಿದ್ರು. ನನಗೆ ಆವತ್ತೂ ಅರ್ಥ ಆಗ್ಲಿಲ್ಲ, ಇವತ್ತೂ ಆಗಿಲ್ಲ. 'ಕೆಲಸ ಮಾಡುತ್ತೆ ಅಂತ ಗೊತ್ತಿರೋ ಕಡೆ ಕೊಡೋದು ಎಷ್ಟು ಸುಖ ಗೊತ್ತಾ,' ಅಂದ್ರು. ಕಣ್ಣಲ್ಲಿ ನೀರು ಬೇರೆ."

"ಯಾವ ಕಾಲದ ಮಾತಿದು?"

"ಹದಿನೈದು ವರ್ಷ ಆಗಿರಬೇಕು."

ಅಕ್ಕ ಬಾಗಿಲ ಸಂದಿನಲ್ಲಿ ಕಾಣುತ್ತಿದ್ದ ಪಾದಗಳ ಕಡೆ ತಿರುಗಿದಳು. ಡ್ರೈವರನಿಗೆ ಅರ್ಥವಾಗದ ಮಾತು ಅವಳಿಗೆ ಅರ್ಥವಾಗಿತ್ತು.

*

ಹದಿನಾರು ವರ್ಷದ ಹಿಂದೆ, ಅವಳು ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿ ಎದ್ದ ಮೇಲೆ, ತಮ್ಮ ಒಂದು ಸಂಜೆ ಹುರುಪಿನಲ್ಲಿ ಬಂದಿದ್ದ.

"ಅಕ್ಕ, ಎದೆ ಡಾಕ್ಟ್ರು ಒಂದು ಅಧ್ಯಯನ ಶುರು ಮಾಡ್ತಿದಾರೆ. ಕಫ ತೆಳು ಮಾಡೋ ಪುಡಿ. ಬರೀ ಕಫ ಅಲ್ಲ, ಶ್ವಾಸಕೋಶ ಒಳಗಿಂದ ತುಕ್ಕು ಹಿಡಿಯೋದನ್ನೂ ತಡೆಯುತ್ತೆ ಅಂತಾರೆ. ನಿಜವೋ ಸುಳ್ಳೋ ನೋಡ್ಬೇಕಲ್ಲ. ಇನ್ನೂರು ಜನಕ್ಕೆ ಮೂರು ವರ್ಷ ಕೊಡ್ತಾರೆ. ಅರ್ಧ ಜನಕ್ಕೆ ನಿಜವಾದ ಪುಡಿ, ಅರ್ಧ ಜನಕ್ಕೆ ಔಷಧವೇ ಇಲ್ಲದ ಹುಸಿಪುಡಿ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಾಗಬಾರದು, ಡಾಕ್ಟ್ರಿಗೂ ಗೊತ್ತಾಗಬಾರದು."

"ಮತ್ತೆ ಯಾರಿಗೆ ಗೊತ್ತಿರುತ್ತೆ?"

"ಪೊಟ್ಟಣ ಕಟ್ಟೋನಿಗೆ," ಎಂದು ಅವನು ಎದೆಗೆ ಬೆರಳಿಟ್ಟು ನಕ್ಕಿದ್ದ. "ಎರಡಕ್ಕೂ ಕಿತ್ತಳೆ ವಾಸನೆ ಹಾಕಿ ಒಂದೇ ಥರ ಮಾಡಿದೀವಿ. ನೀನೂ ಸೇರ್ಕೋ. ಏನಿಲ್ಲ ಅಂದ್ರೂ ತಿಂಗಳು ತಿಂಗಳು ದೊಡ್ಡ ಡಾಕ್ಟ್ರು ನಿನ್ನ ಎದೆ ನೋಡ್ತಾರೆ. ಇಲ್ಲದಿದ್ರೆ ಅವರ ಮುಖ ನೋಡೋಕೂ ಆರು ತಿಂಗಳು ಕಾಯ್ಬೇಕು."

ಅವಳು ಸೇರಿಕೊಂಡಳು. ಅವಳ ಸಂಖ್ಯೆ ನಲವತ್ತೊಂದು. ಮೊದಲ ತಿಂಗಳ ಪೊಟ್ಟಣಗಳನ್ನು ತಮ್ಮನೇ ಔಷಧಾಲಯದ ಕಿಂಡಿಯಿಂದ ಕೊಟ್ಟ. ಸಾಮಾನ್ಯವಾಗಿ ಕಿಂಡಿಯಿಂದ ತಲೆ ಹೊರಗೆ ಹಾಕಿ "ಊಟ ಆಯ್ತಾ" ಎಂದು ಕೇಳುವವನು, ಆವತ್ತು ಪೊಟ್ಟಣದ ಚೀಲವನ್ನು ತಳ್ಳಿ, "ಬೆಳಿಗ್ಗೆ ಒಂದು, ಸಂಜೆ ಒಂದು," ಎಂದಷ್ಟೇ ಹೇಳಿದ.

ಮನೆಗೆ ಬಂದು ಅವಳು ಒಂದು ಲೋಟ ನೀರಿಗೆ ಪುಡಿ ಹಾಕಿ ಕಲಕಿದಳು. ಕಿತ್ತಳೆಯ ವಾಸನೆ. ಮೂಗಿನ ಹತ್ತಿರ ಹಿಡಿದಳು. ಕಿತ್ತಳೆ. ಕದಡಿ, ಸ್ವಲ್ಪ ಹೊತ್ತು ಇಟ್ಟು, ಮತ್ತೆ ನೋಡಿದಳು. ಬರೀ ಕಿತ್ತಳೆ. ಆಸ್ಪತ್ರೆಯ ಹತ್ತು ದಿನದಲ್ಲಿ ದಿನಕ್ಕೆ ಮೂರು ಸಲ ಮೂಗು ಬಾಯಿ ಮುಚ್ಚುವ ಮುಖವಾಡ ಹಾಕಿ ಅವಳಿಗೆ ಅದೇ ಔಷಧದ ಆವಿ ಕೊಟ್ಟಿದ್ದರು. ಆ ಕೊಳೆತ ಮೊಟ್ಟೆಯ ವಾಸನೆ ಎಷ್ಟೋ ದಿನ ತಲೆದಿಂಬಿನಿಂದಲೂ ಬರುತ್ತಿತ್ತು. ಯಾವ ಕಿತ್ತಳೆಯೂ ಅದನ್ನು ಪೂರ್ತಿ ಮುಚ್ಚಲಾರದು.

ತನ್ನದು ಹುಸಿಪುಡಿ ಎಂದು ಅವಳಿಗೆ ಆವತ್ತೇ ಗೊತ್ತಾಯಿತು. ಕುಡಿದಳು.

ಹೇಳಬಹುದಿತ್ತು. ಹೇಳಿದರೆ ಅವನು ಹೌದೆನ್ನಬೇಕು, ಇಲ್ಲ ಸುಳ್ಳು ಹೇಳಬೇಕು. ಹೌದೆಂದರೆ ಕೊಟ್ಟ ಮಾತು ಮುರಿದಂತೆ. ಸುಳ್ಳು ಹೇಳಲು ಅವನಿಗೆ ಚಿಕ್ಕಂದಿನಿಂದಲೂ ಬಾರದು, ಕಿವಿ ಕೆಂಪಾಗುತ್ತದೆ. ಹಾಗಾಗಿ ಅವಳು ಸುಮ್ಮನಿದ್ದಳು. ಮೂರು ವರ್ಷ ತಾನೇ ಎಂದುಕೊಂಡಳು.

ಆದರೆ ಸಂಜೆಯ ಮಾತು ನಿಂತುಹೋಯಿತು. ಮೊದಲು ದಿನ ಬಿಟ್ಟು ದಿನ ಬಂದ, ಆಮೇಲೆ ವಾರಕ್ಕೊಮ್ಮೆ, ಭಾನುವಾರ. ಬಂದರೆ ಎದುರಿಗೆ ಕೂರುತ್ತಿರಲಿಲ್ಲ. ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಬೀದಿ ನೋಡುತ್ತ ಕೂರುತ್ತಿದ್ದ. ಅವಳು ಕೆಮ್ಮಿದರೆ ಎದ್ದು ಹೋಗಿ ನೀರು ತರುತ್ತಿದ್ದ, ತಂದದ್ದನ್ನು ಅವಳ ಮುಖ ನೋಡದೆ ಕೊಡುತ್ತಿದ್ದ. "ಇವತ್ತೇನಾಯ್ತೋ?" ಎಂದು ಅವಳೇ ಕೇಳಿದರೆ, "ಏನಿಲ್ಲಕ್ಕ, ಮಾಮೂಲಿ."

*

ಎದೆ ಡಾಕ್ಟರು ಬಂದಾಗ ಒಂದೂವರೆ. ಈಗ ಅವರೂ ಮುದುಕರು, ಕೋಲು ಹಿಡಿದಿದ್ದರು. ಒಳಗೆ ತಮ್ಮನ ತಲೆಯ ಹತ್ತಿರ ಬಹಳ ಹೊತ್ತು ನಿಂತು, ಹೊರಗೆ ಬಂದು, ಮಗಳು ತಂದಿಟ್ಟ ಇನ್ನೊಂದು ಕುರ್ಚಿಯಲ್ಲಿ ಅಕ್ಕನ ಪಕ್ಕ ಕೂತರು. ಹಳೆಯ ಅಭ್ಯಾಸಕ್ಕೆ ಅವಳ ಉಗುರಿನ ಬಣ್ಣ ನೋಡಿದರು.

"ಹೇಗಿದೆ ಉಸಿರು?"

"ಇದೆ, ಡಾಕ್ಟ್ರೇ. ಇಷ್ಟು ದಿನ ಇರುತ್ತೆ ಅಂತ ನೀವೂ ಅಂದ್ಕೊಂಡಿರಲಿಲ್ಲ."

"ಇರಲಿಲ್ಲ," ಎಂದು ಅವರು ಒಪ್ಪಿಕೊಂಡರು. ಆಮೇಲೆ ಕೋಲಿನ ತುದಿ ನೋಡುತ್ತ ಹೇಳಿದರು, "ನಾನೊಂದು ತಪ್ಪು ಮಾಡಿದೆ ಅಮ್ಮ. ನಿಮ್ಮನ್ನ ಆ ಅಧ್ಯಯನಕ್ಕೆ ಸೇರಿಸಬಾರದಿತ್ತು. ಯಾರಿಗೆ ಯಾವ ಪುಡಿ ಅನ್ನೋ ಪಟ್ಟಿ ನಿಮ್ಮ ತಮ್ಮನ ಹತ್ತಿರ ಇದ್ದಾಗ ಅವರ ಮನೆಯವರನ್ನ ಸೇರಿಸಬಾರದು. ನಾನು ಹೇಳಿದೆ. ಅವರು ಕೇಳಿಕೊಂಡ್ರು. 'ಅಕ್ಕನಿಗೆ ತಿಂಗಳ ಪರೀಕ್ಷೆ ಸಿಗಲಿ ಸಾರ್, ನಾನು ಬಾಯಿ ಮುಚ್ಕೊಂಡಿರ್ತೀನಿ,' ಅಂದ್ರು. ಅವರ ಮಾತಿನ ಮೇಲೆ ನನಗೆ ನಂಬಿಕೆ ಇತ್ತು. ಸೇರಿಸಿಕೊಂಡೆ. ಚೀಟಿ ಎತ್ತಿದಾಗ ನಿಮ್ಮ ಸಂಖ್ಯೆ..."

"ಹುಸಿಪುಡಿ ಕಡೆ ಹೋಯ್ತು."

ಡಾಕ್ಟರು ತಲೆ ಎತ್ತಿದರು. "ಅವರು ಹೇಳಿದ್ರಾ?"

"ಅವನು ಯಾಕೆ ಹೇಳ್ತಾನೆ? ಮೂಗು ಹೇಳ್ತು. ಮೊದಲ ದಿನವೇ."

"ಮೊದಲ ದಿನವೇ." ಡಾಕ್ಟರು ಆ ಮಾತನ್ನು ನಿಧಾನವಾಗಿ ನುಂಗಿಕೊಂಡರು. "ನನಗೆ ತಿಳಿಸಬೇಕಿತ್ತಮ್ಮ. ರೋಗಿಗೆ ಗೊತ್ತಾದ್ರೆ ಆ ಸಂಖ್ಯೆಯನ್ನ ತೆಗೀಬೇಕು."

"ಈಗ ತೆಗೆದುಬಿಡಿ."

ಇಬ್ಬರ ಮುಖದಲ್ಲೂ ಒಂದು ಸಣ್ಣ ನಗು ಬಂದು ಹೋಯಿತು. ಒಳಗೆ ಯಾರೋ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ಮೂರಕ್ಕೆ, ಎಂದಳು ಮಗಳು.

"ಇನ್ನೊಂದು ವಿಷಯ," ಎಂದರು ಡಾಕ್ಟರು. "ಹದಿಮೂರು ವರ್ಷದಿಂದ ನನ್ನ ತಲೇಲಿ ಉಳಿದಿರೋದು. ಮೂರು ವರ್ಷ, ಇನ್ನೂರು ಜನ, ಅಷ್ಟು ಸಾವಿರ ಪೊಟ್ಟಣ. ಕೊನೆಗೆ ನೋಡಿದ್ರೆ ಎಲ್ಲವೂ ಸರಿ. ಒಂದೇ ಒಂದು ಪೊಟ್ಟಣ ಬಿಟ್ಟು. ನಿಜವಾದ ಪುಡಿಯದು. ಪುಸ್ತಕದಲ್ಲಿ ಅವರ ಕೈಬರಹ, ಕೆಂಪು ಶಾಯಿ: 'ಕೈತಪ್ಪಿ ಬಿದ್ದು ಹಾಳಾಯಿತು.' ನಾನು ಕೇಳಿದೆ. ಬಿತ್ತು ಸಾರ್ ಅಂದ್ರು. ಕಿವಿ ಕೆಂಪಾಗಿತ್ತು. ನಿಮ್ಮ ತಮ್ಮನ ಕೈಯಿಂದ ಏನಾದರೂ ಬಿದ್ದದ್ದನ್ನ ನಾನು ನೋಡಿದವನೇ ಅಲ್ಲ."

"ಎರಡನೇ ವರ್ಷ. ಚಳಿಗಾಲ," ಎಂದಳು ಅಕ್ಕ.

"ಹೌದು."

"ಆ ಪೊಟ್ಟಣ ನಮ್ಮನೆಗೆ ಬಂದಿತ್ತು, ಡಾಕ್ಟ್ರೇ."

*

ಆ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂದು ಎದೆ ಕಟ್ಟಿಕೊಂಡಿತ್ತು. ಒಳಕೋಣೆಯಲ್ಲಿ ಮೂರು ದಿಂಬು ಒಂದರ ಮೇಲೊಂದು ಇಟ್ಟು ಒರಗಿದ್ದಳು. ಕಫ ಗಂಟಲಿನವರೆಗೆ ಬಂದು, ಅಂಟಿನ ಹಾಗೆ ಅಲ್ಲೇ ನಿಲ್ಲುತ್ತಿತ್ತು. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ಒಂದು ಬಾಗಿಲು ತಳ್ಳಿದಷ್ಟು ಕೆಲಸ.

ಮಟಮಟ ಮಧ್ಯಾಹ್ನ ಹೊರಬಾಗಿಲು ತೆರೆದ ಸದ್ದಾಯಿತು. ಅವನ ನಡಿಗೆ. ಆ ಹೊತ್ತಿನಲ್ಲಿ ಅವನು ಬರುವವನಲ್ಲ. ಅವಳು ಕಣ್ಣು ತೆರೆಯಲಿಲ್ಲ. ಅಡುಗೆಮನೆಯಲ್ಲಿ ಲೋಟ, ನೀರು, ಕಾಗದ ಹರಿದ ಸದ್ದು, ಚಮಚ. ಅದು ಬಹಳ ಹೊತ್ತು ಲೋಟದ ಅಂಚಿಗೆ ತಾಗುತ್ತಲೇ ಇತ್ತು. ಆಮೇಲೆ ಕಿತ್ತಳೆಯ ವಾಸನೆ ಬಂತು. ಅದರ ಅಡಿಯಿಂದ, ಮೆಲ್ಲಗೆ, ಕೊಳೆತ ಮೊಟ್ಟೆ.

ಅವನು ಕೋಣೆಯ ಬಾಗಿಲಿಗೆ ಬಂದು ನಿಂತ. ರೆಪ್ಪೆಯ ಸಂದಿನಿಂದ ಅವಳಿಗೆ ಬಿಳಿಕೋಟು ಕಾಣುತ್ತಿತ್ತು, ಕೋಟಿನ ಮುಂದೆ ಎರಡು ಕೈಯಲ್ಲೂ ಹಿಡಿದ ಲೋಟ. ಕರೆಯಲಿ ಎಂದು ಅವಳು ಕಾದಳು. ಅಕ್ಕ ಎಂದರೆ ಸಾಕು, ಎದ್ದು ಕುಡಿದುಬಿಡುತ್ತೇನೆ.

ಅವನು ಕರೆಯಲಿಲ್ಲ. ಹೋಗಲೂ ಇಲ್ಲ. ಅವಳ ಉಸಿರಿನ ಸದ್ದು ಮಾತ್ರ ಇಬ್ಬರ ನಡುವೆ ಹೋಗಿ ಬರುತ್ತಿತ್ತು. ಕೊನೆಗೆ ಅವನು ತಿರುಗಿದ. ಅಡುಗೆಮನೆಯ ತೊಟ್ಟಿಯಲ್ಲಿ ಸುರಿದ ಸದ್ದು. ನಲ್ಲಿ ಬಿಟ್ಟ. ಲೋಟವನ್ನು ತೊಳೆದ, ಮತ್ತೆ ತೊಳೆದ. ಆಮೇಲೆ ಬಂದು ಅವಳ ಕಾಲ ಬಳಿ ಕೂತು, ಕಂಬಳಿಯ ಮೇಲಿನಿಂದ ಪಾದ ಹಿಡಿದುಕೊಂಡ. ಅವಳು ಆಗ ಎಚ್ಚರವಾದವಳ ಹಾಗೆ ಕಣ್ಣು ಬಿಟ್ಟಳು.

"ಪೊಟ್ಟಣ ತಗೊಂಡ್ಯಾ ಅಕ್ಕ?" ಎಂದು ಕೇಳಿದ.

"ತಗೊಂಡೆ."

"ತಪ್ಪಿಸಬೇಡ," ಎಂದ.

*

ಅಕ್ಕ ಇಷ್ಟನ್ನು ಹೇಳುವಷ್ಟರಲ್ಲಿ ಮೂರು ಕಡೆ ನಿಂತು ಉಸಿರು ತೆಗೆದುಕೊಂಡಿದ್ದಳು. ಡಾಕ್ಟರು ಅವಸರ ಮಾಡಲಿಲ್ಲ.

"ಸುಳ್ಳು ಯಾಕೆ ಹೇಳ್ಲಿ, ಡಾಕ್ಟ್ರೇ," ಎಂದಳು. "ಕುಡಿಸಲಿ ಅಂತ ನನಗೆ ಆಸೆ ಇತ್ತು. ಸುರಿದಾಗ ಸಿಟ್ಟು ಬಂತು. ಇವನಿಗೋಸ್ಕರ ಆ ಶೆಡ್ಡಿನಲ್ಲಿ ಕೂತೆ, ನನಗೊಂದು ಲೋಟ ಕೊಡೋಕಾಗ್ಲಿಲ್ವಾ ಇವನಿಗೆ ಅಂತ. ಅದಕ್ಕೇ ಆಮೇಲೂ ಗೊತ್ತು ಅಂತ ಹೇಳಲಿಲ್ಲ. ಮೊದಲು ಅವನಿಗೆ ಕಷ್ಟ ಆಗಬಾರದು ಅಂತ ಸುಮ್ಮನಿದ್ದೆ. ಆಮೇಲೆ, ಆಗಲಿ ಅಂತ ಸುಮ್ಮನಿದ್ದೆ."

ಅವಳು ಡಾಕ್ಟರ ಕಡೆ ತಿರುಗಿದಳು.

"ಆಸ್ಪತ್ರೆಯಿಂದ ಕಾಗದ ಬಂದಿತ್ತು, ಆದ್ರೂ ನಿಮ್ಮ ಬಾಯಿಂದ ಕೇಳ್ಬೇಕು. ಆವತ್ತು ಕುಡಿದಿದ್ರೆ ನನಗೆ ಹುಷಾರಾಗ್ತಿತ್ತಾ?"

"ಒಂದು ಲೋಟದಿಂದ ಏನೂ ಆಗ್ತಿರಲಿಲ್ಲ. ಮೂರು ವರ್ಷ ಕುಡಿದವರಿಗೂ ನಮ್ಮಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪು ಒಂದೇ. ಬೇರೆ ಕಡೆ ಮಾಡಿದವರು ಕೆಲವರು ಸ್ವಲ್ಪ ಗುಣ ಇದೆ ಅಂದ್ರು, ಕೆಲವರು ಇಲ್ಲ ಅಂದ್ರು. ಆ ಜಗಳ ಇನ್ನೂ ಮುಗಿದಿಲ್ಲ. ಮಾತ್ರೆಯ ವಿಷ ಏರಿದವರಿಗೆ ಅದು ಸಂಜೀವಿನಿ, ಅದರಲ್ಲಿ ಅನುಮಾನ ಇಲ್ಲ. ನಿಮ್ಮಂಥವರಿಗೆ..." ಅವರು ಕೈ ತಿರುಗಿಸಿ ತೋರಿಸಿದರು.

"ಹಾಗಾದ್ರೆ ಅವನು ಕೊಟ್ಟಿದ್ರೂ ಒಂದೇ, ಸುರಿದ್ರೂ ಒಂದೇ."

"ಒಂದೇ."

"ಅವನಿಗೆ ಅದು ಗೊತ್ತಿರಲಿಲ್ಲ."

"ಯಾರಿಗೂ ಗೊತ್ತಿರಲಿಲ್ಲಮ್ಮ. ಅದನ್ನ ತಿಳಿಯೋಕೇ ಅಲ್ವಾ ಅಷ್ಟೆಲ್ಲ ಮಾಡಿದ್ದು." ಡಾಕ್ಟರು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಮೂರು ವರ್ಷ ಮುಗಿದು, ಎಲ್ಲ ಕೂಡಿಸಿ ನೋಡೋಕೆ ಇನ್ನೆರಡು ವರ್ಷ ಹಿಡೀತು. ಫಲಿತಾಂಶ ಬಂದ ದಿನ ನಾನೇ ಅವರನ್ನ ಕರೆದು ಓದಿದೆ. 'ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಇಲ್ಲ.' ಇನ್ನೊಂದು ಸಲ ಓದಿ ಸಾರ್ ಅಂದ್ರು. ಓದಿದೆ. ನನಗೆ ಐದು ವರ್ಷದ ಕೆಲಸ ನೀರಲ್ಲಿ ಹೋಮ ಆದ ಸಂಕಟ, ಇವರ ಮುಖ ನೋಡಿದ್ರೆ ಹಬ್ಬ. ಅರ್ಧ ದಿನ ರಜೆ ಕೊಡಿ ಅಂದ್ರು. ಅವರು ನನ್ನ ಹತ್ತಿರ ಕೇಳಿದ ಮೊದಲ ರಜೆ ಅದು. ಎಲ್ಲಿಗೆ ಹೋದ್ರೋ ಗೊತ್ತಿಲ್ಲ."

ಅಕ್ಕನಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ, ವಾರದ ನಡುವೆ ಒಂದು ದಿನ, ಎರಡು ಗಂಟೆಯ ಬಿಸಿಲಿನಲ್ಲಿ ಅವನು ಬಂದಿದ್ದ. "ಅಕ್ಕ, ನಿದ್ದೆ ಬರ್ತಿದೆ," ಎಂದವನೇ ಅವಳ ಮಂಚದ ಪಕ್ಕ ನೆಲದ ಮೇಲೆ ಕೋಟು ಸುತ್ತಿ ತಲೆಗಿಟ್ಟುಕೊಂಡು ಮಲಗಿಬಿಟ್ಟ. ದೀಪ ಹಚ್ಚುವ ತನಕ ಮಲಗಿದ್ದ. ಬಾಯಿ ಸ್ವಲ್ಪ ತೆರೆದು, ಐದು ವರ್ಷದವನ ಹಾಗೆ. ಅವಳು ಪಕ್ಕದಲ್ಲಿ ಕೂತು ಹಳೆಯ ಪತ್ರಿಕೆಯಿಂದ ನೊಣ ಓಡಿಸುತ್ತಿದ್ದಳು. ವಾರ ಕಳೆದು ಆಸ್ಪತ್ರೆಯಿಂದ ಫಲಿತಾಂಶದ ಕಾಗದ ಬಂತು. ತಮ್ಮನ ಮಗಳು ಓದಿ ಹೇಳಿದಳು. ಅಕ್ಕನ ಸಿಟ್ಟು ಆವತ್ತೇ ಇಳಿದುಹೋಯಿತು.

ಆಮೇಲೆ ಏನಿತ್ತು ಅಡ್ಡಿ? ಗೊತ್ತಿತ್ತು ಕಣೋ, ಎಂದುಬಿಟ್ಟರೆ ಮುಗಿಯುತ್ತಿತ್ತು. ಈ ಭಾನುವಾರ ಹೇಳೋಣ ಎಂದುಕೊಂಡ ಭಾನುವಾರಗಳು ಎಷ್ಟೋ. ಅವನು ಬರುತ್ತಿದ್ದ, ಹಣ್ಣು ತರುತ್ತಿದ್ದ, ಔಷಧದ ಡಬ್ಬಿ ತುಂಬಿಸಿ ಕೊಡುತ್ತಿದ್ದ, ಎರಡು ಮಾತು ಹೆಚ್ಚೂ ಆಡುತ್ತಿದ್ದ. ಆದರೂ ಸ್ಟೂಲು ಕಿಟಕಿಯ ಹತ್ತಿರವೇ ಇತ್ತು. ಬಾಯಿಗೆ ಬಂದ ಮಾತು ಅವನ ಬೆನ್ನು ನೋಡಿ ಹಿಂದೆ ಹೋಗುತ್ತಿತ್ತು. ಎದೆಯ ಕಫಕ್ಕಾದರೂ ಒಂದು ಪುಡಿ ಇತ್ತು.

"ಒಂದು ಸಲ ಎದುರಿಗೆ ಕೂತು, ಇವತ್ತೇನಾಯ್ತು ಗೊತ್ತಾ ಅಕ್ಕ ಅಂದಿದ್ರೆ ಸಾಕಿತ್ತು," ಎಂದಳು. ಡಾಕ್ಟರಿಗೆ ಹೇಳಿದಳೋ ಬಾಗಿಲ ಸಂದಿನ ಪಾದಗಳಿಗೋ ಸ್ಪಷ್ಟವಿರಲಿಲ್ಲ.

ಡಾಕ್ಟರು ಎದ್ದು ನಿಂತು, ಹೋಗುವ ಮೊದಲು ಅವಳ ಹೆಗಲ ಮೇಲೆ ಕೈ ಇಟ್ಟರು. "ಇಬ್ಬರೂ ಸೇರಿ ನನ್ನ ಅಧ್ಯಯನ ಕೆಡಿಸಿದಿರಿ," ಎಂದರು.

*

ಮೂರಕ್ಕೆ ಗಾಡಿ ಬಂತು. ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು.

ಸ್ಮಶಾನದ ಗೇಟಿನಿಂದ ಮುಂದಕ್ಕೆ ಗಾಡಿ ಹೋಗುವಂತಿರಲಿಲ್ಲ. ಸಣ್ಣ ಏರು, ಜಲ್ಲಿಕಲ್ಲಿನ ದಾರಿ, ಎರಡೂ ಬದಿಯಲ್ಲಿ ಗಿಡ್ಡ ಗೋಡೆ. ಗಂಡಸರು ಅವನನ್ನು ಇಳಿಸಿಕೊಂಡು ಹೆಗಲಿಗೆ ಏರಿಸಿದರು. ಮುಂದಿನ ಬಲ ಮೂಲೆಗೆ ಬಸ್ ಡ್ರೈವರ್ ಹೆಗಲು ಕೊಟ್ಟಿದ್ದ.

"ಅತ್ತೆ, ನೀವು ಗಾಡೀಲೇ ಕೂತಿರಿ. ಏರು ಇದೆ," ಎಂದಳು ಮಗಳು.

"ಬರ್ತೀನಿ."

"ನಿಮ್ಮ ಕೈಲಾಗಲ್ಲ ಅತ್ತೆ. ಅಪ್ಪ ಇದ್ದಿದ್ರೆ ಬಿಡ್ತಿರಲಿಲ್ಲ."

"ಅವನಿಲ್ವಲ್ಲ," ಎಂದು ಅಕ್ಕ ಗಾಡಿಯ ಬಾಗಿಲು ಹಿಡಿದು ಇಳಿದಳು.

ಹತ್ತು ಹೆಜ್ಜೆ. ನಿಂತಳು. ಮಗಳು ತೋಳು ಹಿಡಿದುಕೊಂಡಳು. ಮತ್ತೆ ಎಂಟು ಹೆಜ್ಜೆ. ಜನ ಅವಳನ್ನು ದಾಟಿ ಮುಂದೆ ಹೋದರು. ಕೆಲವರು ನಿಂತು ನೋಡಿ, ಏನು ಮಾಡುವುದೆಂದು ತಿಳಿಯದೆ ಮತ್ತೆ ನಡೆದರು. ಹೆಗಲುಗಳ ಮೇಲೆ ಅವನು ದೂರವಾಗುತ್ತಿದ್ದ. ತಿರುವಿನಲ್ಲಿ ಇನ್ನೇನು ಗೋಡೆಯ ಹಿಂದೆ ಮರೆಯಾಗಬೇಕು.

ಗೊತ್ತಿತ್ತು ಕಣೋ, ಎನ್ನಲು ಅವಳು ಬಾಯಿ ತೆರೆದಳು. ನಡೆಯುವುದಕ್ಕೂ ಮಾತಿಗೂ ಎರಡಕ್ಕೂ ಆಗುವಷ್ಟು ಉಸಿರು ಒಳಗಿರಲಿಲ್ಲ. "ಗೊ" ಎಂಬಷ್ಟು ಬಂದು ಕೆಮ್ಮಾಯಿತು. ಬಗ್ಗಿ, ಗೋಡೆಗೆ ಕೈಯೂರಿ ಕೆಮ್ಮಿದಳು. ಕೆಮ್ಮು ಏರಿನ ಉದ್ದಕ್ಕೂ ಕೇಳಿಸಿತು.

ಮುಂದೆ ಬಲ ಮೂಲೆಯಲ್ಲಿದ್ದ ಡ್ರೈವರ್ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ. ಉಳಿದವರಿಗೆ ಏನೋ ಹೇಳಿದ. ಆರು ಜನರ ಕಾಲು ಒಂದೊಂದಾಗಿ ನಿಂತವು. ಯಾರೂ ಅವನನ್ನು ಕೆಳಗಿಳಿಸಲಿಲ್ಲ. ಭಾರವನ್ನು ಈ ಹೆಗಲಿನಿಂದ ಆ ಹೆಗಲಿಗೆ ಸರಿಸಿಕೊಂಡರು, ಅಷ್ಟೇ. ಏರಿನ ನಡುವೆ, ಸಂಜೆಯ ಓರೆ ಬಿಸಿಲಿನಲ್ಲಿ, ತಮ್ಮನನ್ನು ಹೊತ್ತುಕೊಂಡು ಅವರೆಲ್ಲ ಸುಮ್ಮನೆ ನಿಂತಿದ್ದರು, ಕೆಳಗೆ ಗೋಡೆ ಹಿಡಿದು ನಿಂತ ಮುದುಕಿಯ ಉಸಿರು ಹಿಂದಿರುಗುವ ತನಕ.